ಮಂತ್ರಿಯ ಕಾರು ಮತ್ತು ನಮ್ಮ ಮತ

ರಾಜಕಾರಣಿಯೊಬ್ಬರ ಖಾಸಗಿ ಬದುಕು ಬೀದಿಯ ಮಾತಾದಾಗ ನಮ್ಮ ಜನರಲ್ಲಿ ಎರಡು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ‘ಅದು ಅವರ ಮನೆಯ ವಿಚಾರ, ನಮಗೇಕೆ?’ ಎನ್ನುವವರು ಕೆಲವರು. ‘ಬೆಂಕಿಯಿಲ್ಲದೆ ಹೊಗೆಯಾಡದು, ಕೂಡಲೇ ಕುರ್ಚಿ ಬಿಡಲಿ’ ಎನ್ನುವವರು ಮತ್ತೆ ಕೆಲವರು. ಇವೆರಡೂ ವಿವೇಚನೆಯಿಲ್ಲದ ಮಾತುಗಳೆಂದೇ ನಾವು ಭಾವಿಸುತ್ತೇವೆ. ಏಕೆಂಬುದಕ್ಕೆ ಕೇರಳದ ಚರಿತ್ರೆಯಲ್ಲೇ ಉತ್ತರವಿದೆ.

ಪಿ.ಟಿ. ಚಾಕೋ ಅವರು ಸಾಮಾನ್ಯ ವ್ಯಕ್ತಿಯಾಗಿರಲಿಲ್ಲ. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದವರು, ಕೇರಳದ ಪ್ರಥಮ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು, 1960ರಿಂದ ರಾಜ್ಯದ ಗೃಹಮಂತ್ರಿಗಳು. 1963ರ ಡಿಸೆಂಬರಿನಲ್ಲಿ ತೃಶ್ಶೂರಿನಲ್ಲಿ ಅವರ ಕಾರು ಒಂದು ಕೈಗಾಡಿಗೆ ಡಿಕ್ಕಿ ಹೊಡೆಯಿತು. ಕಾರಿನಲ್ಲಿ ಮಹಿಳೆಯೊಬ್ಬರಿದ್ದರೆಂಬ ಸುದ್ದಿ ಹಬ್ಬಿತು. ಸ್ವಪಕ್ಷದ ಶಾಸಕರೊಬ್ಬರೇ ರಾಜೀನಾಮೆಗೆ ಒತ್ತಾಯಿಸಿ ಉಪವಾಸ ಕುಳಿತರು. 1964ರ ಫೆಬ್ರವರಿಯಲ್ಲಿ ಚಾಕೋ ಅಧಿಕಾರ ತ್ಯಜಿಸಿದರು. ಆರು ತಿಂಗಳು ತುಂಬುವ ಮೊದಲೇ, ಐವತ್ತೂ ಆಗದ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಾಂಗ್ರೆಸ್ಸಿನೊಳಗೆ ಮೊದಲೇ ಇದ್ದ ಗುಂಪುಗಾರಿಕೆಗೆ ಈ ಪ್ರಕರಣ ತುಪ್ಪ ಸುರಿದಂತಾಯಿತು. 1964ರ ಸೆಪ್ಟೆಂಬರಿನಲ್ಲಿ ಚಾಕೋ ಅವರ ಹದಿನೈದು ಮಂದಿ ಬೆಂಬಲಿಗ ಶಾಸಕರು ಅವಿಶ್ವಾಸ ಗೊತ್ತುವಳಿಯನ್ನು ಬೆಂಬಲಿಸಿದರು, ಆರ್. ಶಂಕರ್ ಮಂತ್ರಿಮಂಡಲ ಉರುಳಿತು. ಅಕ್ಟೋಬರಿನಲ್ಲಿ ಕೇರಳ ಕಾಂಗ್ರೆಸ್ ಹುಟ್ಟಿತು. 1965ರಲ್ಲಿ ಚುನಾವಣೆಯೇನೋ ನಡೆಯಿತು. ಯಾರಿಗೂ ಬಹುಮತ ಬಾರದ ಕಾರಣ ಆ ಸಭೆ ಒಂದು ದಿನವೂ ಕೂಡಲಿಲ್ಲ. 1967ರ ಮಾರ್ಚಿನವರೆಗೆ, ಅಂದರೆ ಸುಮಾರು ಎರಡೂವರೆ ವರ್ಷ, ರಾಜ್ಯದಲ್ಲಿ ರಾಷ್ಟ್ರಪತಿ ಆಡಳಿತವಿತ್ತು.

ನಾವು ಗಮನಿಸಬೇಕಾದುದು ಇದನ್ನೇ. 1956ರಲ್ಲಿ ಕೇರಳಕ್ಕೆ ಸೇರಿಸಲ್ಪಟ್ಟ ಕಾಸರಗೋಡಿನ ಕನ್ನಡಿಗರು 1965ರಲ್ಲೂ ಸಾಲು ನಿಂತು ಮತ ನೀಡಿದರು. ಅವರು ಆರಿಸಿದವರಿಗೆ ಬಾಯಿ ತೆರೆಯಲು ಸಭೆಯೇ ಇರಲಿಲ್ಲ. 1966ರ ಅಕ್ಟೋಬರಿನಲ್ಲಿ ಗಡಿ ಪ್ರಶ್ನೆಗಾಗಿ ಮಹಾಜನ ಆಯೋಗ ನೇಮಕಗೊಂಡಾಗಲೂ ತಿರುವನಂತಪುರದ ವಿಧಾನಸಭೆಯ ಬಾಗಿಲು ಮುಚ್ಚಿಯೇ ಇತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಂಥದಕ್ಕೇ ಹುಟ್ಟಿದ್ದು. ‘ನಮಗೇಕೆ?’ ಎನ್ನುವವರಿಗೆ ಇದೇ ಉತ್ತರ. ಮಂತ್ರಿಯ ಪತನದ ಬೆಲೆಯನ್ನು ಮಂತ್ರಿಯೊಬ್ಬನೇ ತೆರುವುದಿಲ್ಲ. ಸಂಖ್ಯೆಯಲ್ಲಿ ಕಡಿಮೆಯಿರುವ ಜನಕ್ಕಂತೂ ಶಾಸನಸಭೆಯ ಒಂದೊಂದು ದಿನವೂ ಅಮೂಲ್ಯ.

ಹಾಗೆಂದು ಪಿಸುಮಾತನ್ನೇ ತೀರ್ಪೆಂದು ಒಪ್ಪಬೇಕೆ? ಒಪ್ಪಲಾಗದು. ಅರುವತ್ತು ವರ್ಷಗಳ ಬಳಿಕವೂ ಜನ ನೆನೆಯುವುದು ಆ ಮಹಿಳೆಯ ವಿಚಾರವನ್ನು. ಕೈಗಾಡಿಯವನ ಮಾತೇ ಬರುವುದಿಲ್ಲ. ಪೊಲೀಸು ಖಾತೆಯ ಮಂತ್ರಿಯ ಕಾರು ಬಡವನ ಗಾಡಿಗೆ ತಾಗಿದರೆ ಕಾನೂನು ಎಲ್ಲರಿಗೂ ಒಂದೇ ತೆರನಾಗಿ ನಡೆಯಿತೇ ಎಂಬುದು ಸಾರ್ವಜನಿಕ ಪ್ರಶ್ನೆ. ಕಾರಿನಲ್ಲಿ ಯಾರಿದ್ದರೆಂಬುದು ಬರಿಯ ಕುತೂಹಲ. ಎದುರಾಳಿಗಳು ಕುತೂಹಲವನ್ನೇ ಆಯುಧ ಮಾಡಿಕೊಂಡರು.

ಅದೇ 1963ರಲ್ಲಿ ಬ್ರಿಟನ್ನಿನ ಯುದ್ಧಮಂತ್ರಿ ಜಾನ್ ಪ್ರೊಫ್ಯೂಮೋ ಯುವತಿಯೊಬ್ಬಳ ಸಂಬಂಧದ ವಿಚಾರದಲ್ಲಿ ಪದವಿ ಕಳೆದುಕೊಂಡರು. ಮಾರ್ಚಿನಲ್ಲಿ ಪಾರ್ಲಿಮೆಂಟಿನ ಮುಂದೆ ನಿಂತು ಸುಳ್ಳು ಹೇಳಿದ್ದರು. ಜೂನಿನಲ್ಲಿ ಅದನ್ನು ಒಪ್ಪಿಕೊಂಡು ರಾಜೀನಾಮೆಯಿತ್ತರು. ಅಲ್ಲಿ ಕ್ಷಮಿಸಲಾಗದ ಅಪರಾಧವೆನಿಸಿದ್ದು ಆ ಸುಳ್ಳು. ಮುಂದೆ ಅವರು ಲಂಡನ್ನಿನ ಪೂರ್ವಭಾಗದ ಬಡವರ ನಡುವೆ ದಶಕಗಳ ಕಾಲ ಸೇವೆ ಮಾಡಿ ಕಳೆದ ಗೌರವವನ್ನು ಬಹುಮಟ್ಟಿಗೆ ಮರಳಿ ಪಡೆದರು.

ಆದುದರಿಂದ ಮತದಾರ ಬಂಧುಗಳು ಕೇಳಬೇಕಾದ ಪ್ರಶ್ನೆಗಳು ಮೂರೇ. ಅಧಿಕಾರವನ್ನು ಸ್ವಂತಕ್ಕೆ ಬಳಸಿದರೇ? ಯಾರಿಗಾದರೂ ಅನ್ಯಾಯವಾಯಿತೇ? ಜನರೆದುರು ಸುಳ್ಳು ಹೇಳಿದರೇ? ಒಂದಕ್ಕೆ ‘ಹೌದು’ ಎಂದಾದರೂ ಪಕ್ಷ, ಜಾತಿ, ಭಾಷೆ ನೋಡದೆ, ನಮ್ಮ ಕನ್ನಡದವರೇ ಆಗಿದ್ದರೂ, ಇಳಿಸಬೇಕು. ಮೂರಕ್ಕೂ ‘ಇಲ್ಲ’ ಎಂದಾದರೆ ಉಳಿದುದನ್ನು ಅವರ ಮನೆಯವರಿಗೆ ಬಿಟ್ಟು, ನಮ್ಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ತಂದಿರಾ ಎಂದು ಕೇಳೋಣ.