ತಂದೆಯ ಕುರ್ಚಿ ಏಕೆ ಖಾಲಿ?

ಮಗ ಹಟಮಾರಿಯಾದಾಗ, ಮಗಳು ಮಾತು ಬಿಟ್ಟಾಗ ನಮ್ಮಲ್ಲಿ ನಡೆಯುವುದೇನು? ತಾಯಿಯೊಬ್ಬಳೇ ಮಗುವಿನೊಡನೆ ಪುತ್ತೂರಿಗೋ ಮಂಗಳೂರಿಗೋ ಬಸ್ ಹತ್ತುತ್ತಾಳೆ. "ಇವನನ್ನು ಸರಿಮಾಡಿಕೊಡಿ" ಎಂದು ಮನಶ್ಶಾಸ್ತ್ರಜ್ಞರ ಮುಂದೆ ಕೂರಿಸುತ್ತಾಳೆ. ಕೆಟ್ಟ ಬೈಕನ್ನು ಮೆಕ್ಯಾನಿಕನಿಗೆ ಒಪ್ಪಿಸುವ ಕ್ರಮವಿದು. "ತಂದೆಯನ್ನೂ ಕರೆತನ್ನಿ" ಎಂದರೆ ಮನೆಯಲ್ಲಿ ಸಿಡುಕು: "ಹುಚ್ಚು ನನಗೋ?"

ಯಾರಿಗೂ ಹುಚ್ಚಿಲ್ಲ. ನೋಡಬೇಕಾದದ್ದು ಮೂವರ ನಡುವೆ ಇದೆ, ಅಷ್ಟೆ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಎಲಿಜಬೆತ್ ಫಿವಾಜ್-ದೆಪರ್ಸಾಂಜ್ ಮತ್ತು ಆಂತ್ವಾನೆತ್ ಕಾರ್ಬೋಜ್-ವಾರ್ನರಿ ರೂಪಿಸಿ, 1999ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕ್ರಮವನ್ನೇ ನೋಡಿರಿ. ತಂದೆ, ತಾಯಿ, ಹಸುಗೂಸು ತ್ರಿಕೋನವಾಗಿ ಕೂರುತ್ತಾರೆ. ಒಬ್ಬರು ಮಗುವನ್ನು ಆಡಿಸುವಾಗ ಇನ್ನೊಬ್ಬರು ಸುಮ್ಮನೆ ಜೊತೆಗಿರಬೇಕು, ಅನಂತರ ಅದಲುಬದಲು, ಬಳಿಕ ಮೂವರೂ ಕೂಡಿ ಆಟ, ಕೊನೆಗೆ ದಂಪತಿಗಳು ತಮ್ಮತಮ್ಮೊಳಗೆ ಮಾತನಾಡುತ್ತಾರೆ, ಮಗು ನೋಡುತ್ತಿರುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರು ತುಂಡರಿಸುವರೇ, ಮಗುವನ್ನು ತನ್ನ ಪಕ್ಷಕ್ಕೆ ಸೆಳೆಯುವರೇ, ಒಬ್ಬರು ಮೆಲ್ಲನೆ ಹಿಂದೆ ಸರಿಯುವರೇ ಎಂಬುದನ್ನು ಚಿಕಿತ್ಸಕರು ಗಮನಿಸುತ್ತಾರೆ. ಸುಮ್ಮನೆ ಜೊತೆಗಿರುವುದೇ ಅನೇಕರಿಗೆ ಕಠಿಣ! ಕುರ್ಚಿ ಖಾಲಿಯಿದ್ದರೆ ಇದಾವುದೂ ಕಾಣದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿರುವುದೂ ಸುಮ್ಮನೆ ಅಲ್ಲ.

"ಸಂಜೆ ಜಪಸರ ಹೇಳುವ ಮನೆಗೆ ಇದೇಕೆ?" ಎನ್ನುವವರಿದ್ದಾರೆ. ಹತ್ತು ನಮೋ ಮರಿಯ ಮುಗಿಯುವಷ್ಟರಲ್ಲಿ ಗಂಡ ಹೆಂಡತಿಯನ್ನು ಎರಡು ಬಾರಿ ಗದರಿದರೆ, ಮಕ್ಕಳು ಕಲಿಯುವುದು ಜಪವನ್ನಷ್ಟೇ ಅಲ್ಲ.

ಗಲ್ಫಿನಲ್ಲಿ ದುಡಿಯುವ ತಂದೆಗೆ ವಿನಾಯಿತಿ ಇರಲಿ. ಕಡಬದಲ್ಲಿ ರಬ್ಬರ್ ಶೀಟು ತೂಗಿಸಲು, ಸುಳ್ಯದಲ್ಲಿ ಅಡಿಕೆಯ ಧಾರಣೆ ವಿಚಾರಿಸಲು ಅರ್ಧ ದಿನ ಹೊಂದಿಸಬಲ್ಲವರು ಮುಂದಿನ ಸಲ ತಾವೂ ಬಸ್ ಹತ್ತಲಿ.