ಭೂಪಟದ ಬೆನ್ನ ಮೇಲೆ ಒಬ್ಬ ತಾಯಿ

ಕ್ರಿಸ್‌ಮಸ್ ಎಂದೊಡನೆ ಮಕ್ಕಳ ಕಣ್ಣಿಗೆ ಕಟ್ಟುವುದು ನಕ್ಷತ್ರದ ದೀಪ, ಗೋದಲಿ, ಕೇಕು. ಆದರೆ ಮತ್ತಾಯನ ಸುವಾರ್ತೆಯಲ್ಲಿ ಬರುವ ಕಥೆ ಅಷ್ಟು ಸುಖದ್ದಲ್ಲ. ಮಗು ಹುಟ್ಟಿದ ಸುದ್ದಿ ಕೇಳಿ ಬೆದರಿದ ಹೆರೋದ ರಾಜ, ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ. ಮರಿಯಳೂ ಯೋಸೇಫನೂ ಕೂಸನ್ನೆತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿನ ದಾರಿ ಹಿಡಿಯುತ್ತಾರೆ. ಕಂಸನ ಕಥೆ ಕೇಳುತ್ತಾ ಬೆಳೆದ ನಮಗೆ ಇದೇನೂ ಅಪರಿಚಿತವಲ್ಲ. ದೇವರ ಪ್ರೀತಿಯ ಕಥೆಗಳು ಕೇಡಿನ ನಡುವೆಯೇ ಏಕೆ ಹುಟ್ಟುತ್ತವೆ? ಈ ಪ್ರಶ್ನೆ ಎದ್ದಾಗಲೆಲ್ಲ ನನಗೊಂದು ಚಿತ್ರ ನೆನಪಾಗುತ್ತದೆ.

1942ರ ಡಿಸೆಂಬರ್. ಸ್ಟಾಲಿನ್‌ಗ್ರಾಡ್ ನಗರವನ್ನು ಗೆಲ್ಲಲು ಹೋಗಿದ್ದ ಜರ್ಮನ್ ಸೇನೆಯನ್ನು ಸೋವಿಯತ್ ಪಡೆಗಳು ಸುತ್ತುವರಿದು ತಿಂಗಳಾಗಿತ್ತು. ಸುಮಾರು ಎರಡೂವರೆ ಲಕ್ಷ ಮಂದಿ ಒಳಗೆ ಸಿಕ್ಕಿಬಿದ್ದಿದ್ದರು. ಹಸಿವು, ಗಾಯ, ಮೂಳೆ ಕೊರೆಯುವ ಚಳಿ. ಅವರಲ್ಲಿ ಕುರ್ಟ್ ರಾಯ್ಬರ್ ಎಂಬ ವೈದ್ಯನಿದ್ದ. ಆತ ಪಾದ್ರಿಯೂ ಹೌದು, ಚಿತ್ರಕಾರನೂ ಹೌದು. ಹಬ್ಬಕ್ಕೆ ಸಂಗಾತಿಗಳಿಗೆ ಕೊಡಲು ಅವನಲ್ಲಿ ಹೆಚ್ಚೇನೂ ಇರಲಿಲ್ಲ. ರಷ್ಯಾದ ಭೂಪಟವೊಂದನ್ನು ತಿರುವಿಹಾಕಿ, ಅದರ ಬೆನ್ನ ಮೇಲೆ ಇದ್ದಿಲಿನಿಂದ ಒಬ್ಬ ತಾಯಿಯನ್ನು ಬರೆದ. ದೊಡ್ಡ ಹೊದಿಕೆಯೊಳಗೆ ಮಗುವನ್ನು ಅವಚಿಕೊಂಡು ತಲೆಬಾಗಿಸಿ ಕುಳಿತ ತಾಯಿ. ಅಂಚಿನಲ್ಲಿ ಈ ಮಾತುಗಳೂ ಇದ್ದವು: ಬೆಳಕು, ಜೀವನ, ಪ್ರೀತಿ. ನೆಲದೊಳಗಿನ ಆ ಅಡಗುದಾಣಕ್ಕೆ ಬಂದ ಸೈನಿಕರು ಚಿತ್ರದೆದುರು ಮಾತಿಲ್ಲದೆ ನಿಂತರು.

ಅವರಿಗೆ ರಕ್ಷಣೆ ಸಿಕ್ಕಿತೇ? 1943ರ ಫೆಬ್ರುವರಿ 2ರಂದು ಅಳಿದುಳಿದ ಸೇನೆಯೂ ಶರಣಾಯಿತು. ಸೆರೆಸಿಕ್ಕ ಸುಮಾರು 90 ಸಾವಿರ ಮಂದಿಯಲ್ಲಿ ಊರಿಗೆ ಮರಳಿದವರು ಆರು ಸಾವಿರದಷ್ಟು ಮಾತ್ರ. ರಾಯ್ಬರ್ ಮರಳಲಿಲ್ಲ. ಮರುವರ್ಷದ ಕ್ರಿಸ್‌ಮಸ್‌ಗೆ ಸೆರೆಶಿಬಿರದಲ್ಲಿ ಇನ್ನೊಮ್ಮೆ ತಾಯಿ-ಮಗುವನ್ನು ಬರೆದು, 1944ರ ಜನವರಿ 20ರಂದು ಅಲ್ಲೇ ತೀರಿಕೊಂಡ. ಇನ್ನೊಂದು ಮಾತನ್ನೂ ಮರೆಯಬಾರದು. ಅವನ ಸೇನೆ ಪರರ ನೆಲದ ಮೇಲೆ ದಾಳಿಗೆ ಹೋದದ್ದು. ಆ ಊರಿನ ತಾಯಂದಿರೂ ಮಕ್ಕಳನ್ನು ಅವಚಿಕೊಂಡು ನಡುಗುತ್ತಿದ್ದರು. ಕೇಡು ಹೊರಗಿನಿಂದ ಮಾತ್ರ ಬಂದಿರಲಿಲ್ಲ. ಅವನು ತೊಟ್ಟ ಸಮವಸ್ತ್ರದಲ್ಲೂ ಇತ್ತು.

ಹಾಗಾದರೆ ಉಳಿದದ್ದೇನು? ಗಾಯಾಳುವೊಬ್ಬನೊಡನೆ ವಿಮಾನದಲ್ಲಿ ಹೊರಬಿದ್ದ ಆ ಚಿತ್ರ ರಾಯ್ಬರನ ಮನೆ ಸೇರಿತು. 1983ರಲ್ಲಿ ಕುಟುಂಬದವರು ಅದನ್ನು ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚಿಗೆ ಕೊಟ್ಟರು. ಅದು 1943ರ ಬಾಂಬ್ ದಾಳಿಯಲ್ಲಿ ಮುರಿದ ಚರ್ಚು. ಚಿತ್ರದ ಪ್ರತಿಗಳು ಇಂದು ಈ ಊರುಗಳಲ್ಲೂ ಇವೆ: 1940ರಲ್ಲಿ ಜರ್ಮನ್ ವಿಮಾನಗಳು ಸುಟ್ಟ ಇಂಗ್ಲೆಂಡಿನ ಕವೆಂಟ್ರಿಯಲ್ಲಿ, ಮತ್ತು ಇಂದು ವೋಲ್ಗೊಗ್ರಾಡ್ ಎನಿಸಿಕೊಳ್ಳುವ ಅದೇ ಸ್ಟಾಲಿನ್‌ಗ್ರಾಡಿನಲ್ಲಿ. ಆ ತಾಯಿಯ ಹೊದಿಕೆ ಕೊನೆಗೆ ಶತ್ರುವಿನ ಮನೆಯವರೆಗೂ ಹರಡಿಕೊಂಡಿತು.

ತಂದೆತಾಯಿಗಳೇ, "ದೇವರು ಅವರನ್ನು ಏಕೆ ಕಾಪಾಡಲಿಲ್ಲ?" ಎಂದು ಮಗು ಕೇಳಿದರೆ ಗದರಿಸಬೇಡಿ. ನಿನಗೇನೂ ಆಗುವುದಿಲ್ಲ ಎಂಬ ಸುಳ್ಳು ಭರವಸೆಯನ್ನೂ ಕೊಡಬೇಡಿ. ಏನೇ ಬಂದರೂ ನೀನು ಒಂಟಿಯಲ್ಲ ಎಂದು ಹೇಳಿ, ಹತ್ತಿರ ಕೂರಿಸಿಕೊಳ್ಳಿ. ದೇವರ ಪ್ರೀತಿಯ ಮೊದಲ ಪಾಠವನ್ನು ಮಗು ಕಲಿಯುವುದು ಆ ಸೆರಗಿನಲ್ಲೇ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲೂ ಎಲ್ಲರೂ ಗೇಲಿ ಮಾಡುವ ಹುಡುಗನೊಬ್ಬ, ಊಟದ ಹೊತ್ತಿಗೆ ಒಬ್ಬಳೇ ಕೂರುವ ಹುಡುಗಿಯೊಬ್ಬಳು ಇರಬಹುದು. ನಾಳೆ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ರಾಯ್ಬರನ ಬಳಿ ಇದ್ದದ್ದು ಹಳೆಯ ಭೂಪಟ, ಒಂದು ತುಂಡು ಇದ್ದಿಲು. ನಿಮ್ಮ ಬಳಿ ಅದಕ್ಕಿಂತ ಹೆಚ್ಚೇ ಇದೆ.