ವಿದೇಶದಲ್ಲಿ ಸಿಮ್ ಕೊಳ್ಳೋವಾಗ ನಮ್ಮೂರ ಸಿಮ್ ಜೋಪಾನ

ಬ್ಯಾಂಕಾಕ್‌ನ ಸುವರ್ಣಭೂಮಿ ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಎಳ್ಕೊಂಡು ಹೊರಗೆ ಬಂದರೆ ಸಿಮ್ ಮಾರೋ ಕೌಂಟರ್‌ಗಳು ಸಾಲಾಗಿ ಎದುರಾಗುತ್ತವೆ. ಎಐಎಸ್, ಟ್ರೂ ಅಂತ ಬೋರ್ಡು, ಎಂಟು ದಿನ, ಹದಿನೈದು ದಿನ ಅಂತ ಪ್ಯಾಕು. ಊರೊಳಗೆ ಹೋದರೆ ಅಗ್ಗಕ್ಕೆ ಸಿಗಬಹುದು ಅಂತ ಲೆಕ್ಕ ಹಾಕೋದು ನಮ್ಮ ಅಭ್ಯಾಸ. ಆದರೆ ಇಳಿದ ತಕ್ಷಣ ಮ್ಯಾಪ್ ಬೇಕು, ಗ್ರ್ಯಾಬ್ ಬೇಕು, ಮನೆಗೆ ‘ತಲುಪಿದೆ’ ಅಂತ ಹೇಳಬೇಕು. ನನ್ನ ಪ್ರಕಾರ ಅಲ್ಲೇ ತಗೊಳ್ಳೋದು ವಾಸಿ.

ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಿಮ್ ನಿಮ್ಮ ಹೆಸರಲ್ಲಿ ನೋಂದಣಿ ಆಗಲೇಬೇಕು, ಅದು ಅಲ್ಲಿನ ಕಾನೂನು. ಫೋನ್ ಕೊಟ್ಟರೆ ಕೌಂಟರಿನವರೇ ಎರಡು ನಿಮಿಷದಲ್ಲಿ ಎಲ್ಲಾ ಮಾಡಿಕೊಡ್ತಾರೆ. ಜಾಗ್ರತೆ ಬೇಕಾಗಿರೋದು ಇಲ್ಲೇ.

ನಮ್ಮ ಟೀಮಿನ ಒಬ್ಬಳ ಫೋನ್‌ನಿಂದ ಹೀಗೇ ಬೆಂಗಳೂರಿನ ಸಿಮ್ ತೆಗೆದು ಚಿಕ್ಕ ಕವರಿನಲ್ಲಿ ಹಾಕಿಕೊಟ್ಟಿದ್ದರು. ಹೋಟೆಲ್ ತಲುಪೋಷ್ಟರಲ್ಲಿ ಕವರ್ ಎಲ್ಲೋ ಬಿದ್ದುಹೋಗಿತ್ತು. ಮುಂದಿನ ಬುಕಿಂಗ್‌ಗೆ ಕಾರ್ಡ್ ಹಾಕಿದರೆ ಬ್ಯಾಂಕು ಓಟಿಪಿ ಕೇಳ್ತು. ಓಟಿಪಿ ಬರೋ ಸಿಮ್ಮೇ ಇಲ್ಲ! ಅಕೌಂಟಲ್ಲಿ ದುಡ್ಡಿದ್ದೂ ಉಳಿದ ನಾಲ್ಕು ದಿನ ಗೆಳತಿಯ ಹತ್ರ ಕೈಚಾಚಬೇಕಾಯ್ತು. ವಾಪಸ್ ಬಂದು ಡುಪ್ಲಿಕೇಟ್ ಸಿಮ್ ತಗೊಂಡ ಮೇಲೂ ಕಾಯೋದು ತಪ್ಪಲಿಲ್ಲ. ಸಿಮ್ ಬದಲಿಸಿದಾಗ ವಂಚನೆ ತಡೆಯೋಕೆ ಅಂತ 24 ಗಂಟೆ ಎಸ್‌ಎಂಎಸ್ ನಿಲ್ಲಿಸ್ತಾರೆ.

ಹಾಗಾಗಿ ದೇವನಹಳ್ಳಿಯಲ್ಲಿ ವಿಮಾನ ಹತ್ತೋ ಮುಂಚೆಯೇ ಇಷ್ಟು ಮಾಡಿ:

ಫೋನ್‌ನಲ್ಲಿ ಎರಡು ಸಿಮ್ ಜಾಗ ಇದೆಯಾ ಅಥವಾ ಇ-ಸಿಮ್ ನಡೆಯುತ್ತಾ ನೋಡಿ. ಇ-ಸಿಮ್ ಆದರೆ ಹಳೇ ಸಿಮ್ ಮುಟ್ಟೋದೇ ಬೇಡ.

ನಮ್ಮ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಅದಕ್ಕೆ ಪ್ಯಾಕ್ ಬೇಕಾ ಅಂತ ಕಂಪನಿಯ ಆ್ಯಪ್‌ನಲ್ಲೇ ನೋಡ್ಕೊಳ್ಳಿ. ಪ್ರವಾಸದ ಮಧ್ಯೆ ರೀಚಾರ್ಜ್ ಮುಗಿಯೋ ಹಾಗಿದ್ದರೆ ಈಗಲೇ ಹಾಕಿಸಿ.

ಸೆಟ್ಟಿಂಗ್ಸ್‌ನಲ್ಲಿ ನಮ್ಮ ಸಿಮ್ ಆನ್, ಅದರ ಡೇಟಾ ರೋಮಿಂಗ್ ಆಫ್. ಇಂಟರ್ನೆಟ್‌ಗೆ ಅಲ್ಲಿನ ಸಿಮ್, ಓಟಿಪಿಗೆ ನಮ್ಮದು. ಪ್ಯಾಕ್ ಇಲ್ಲದೆ ನಮ್ಮ ನಂಬರಿಗೆ ಬಂದ ಕಾಲ್ ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತೆ, ಮನೆಯವರಿಗೆ ವಾಟ್ಸಾಪ್‌ನಲ್ಲೇ ಮಾಡೋಕೆ ಹೇಳಿಡಿ. ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ.

ಒಂದೇ ಸಿಮ್ಮಿನ ಫೋನ್ ಆದರೆ ಮನೆಯಲ್ಲಿ ಬಿದ್ದಿರೋ ಹಳೇ ಫೋನ್ ಜೊತೆಗೆ ಒಯ್ದು, ನಮ್ಮ ಸಿಮ್ ಅದರಲ್ಲಿ ಹಾಕಿಡಿ. ಪರ್ಸಿನ ಮೂಲೆಯಲ್ಲಿ ಕವರ್ ಹುಡುಕೋ ಕಷ್ಟ ಬೇಡ.

ಕೊನೆಗೆ, ಕೌಂಟರ್ ಬಿಡೋ ಮುಂಚೆ ಏರ್‌ಪೋರ್ಟ್ ವೈ-ಫೈ ಆಫ್ ಮಾಡಿ ಮ್ಯಾಪ್ ತೆರೆದು ನೋಡಿ. ಎಂಟು ದಿನ ಅಂದರೆ ಯಾವತ್ತಿಂದ ಯಾವತ್ತಿನ ತನಕ ಅಂತಲೂ ಕೇಳಿ. ವಾಪಸ್ ಬರೋ ದಿನ ಏರ್‌ಪೋರ್ಟಿಗೆ ಹೋಗೋಕೂ ಗಾಡಿ ಕರೀಬೇಕಲ್ವಾ?